ಸಂಘದಿಂದ ಹೆಸರು ತೆಗೆದರೆ ಏನಾಗುತ್ತದೆ? ಸಿರಿಯಾದ ನಟಿ ಸುಲಾಫ್ ಫವಾಖರ್ಜಿ ಪ್ರಕರಣದ ಒಳಹೊರಗು

2025ರ ಏಪ್ರಿಲ್‌ನಲ್ಲಿ ಸಿರಿಯಾದ ಕಲಾವಿದರ ಸಂಘ ಒಂದು ಪುಟ್ಟ ಪ್ರಕಟಣೆ ಹೊರಡಿಸಿತು. ನಟಿ ಸುಲಾಫ್ ಫವಾಖರ್ಜಿ ಅವರ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯಲಾಗಿದೆ ಎಂಬುದು ಅದರ ಸಾರ. 2024ರ ಡಿಸೆಂಬರ್‌ನಲ್ಲಿ ಉರುಳಿದ ಅಧ್ಯಕ್ಷ ಬಶರ್ ಅಲ್ ಅಸಾದ್ ಆಡಳಿತದ ಅಪರಾಧಗಳನ್ನು ಪಟ್ಟು ಹಿಡಿದು ನಿರಾಕರಿಸುತ್ತಿದ್ದಾರೆ, ಸಿರಿಯಾದ ಜನರ ನೋವಿಗೆ ಬೆಲೆ ಕೊಡುತ್ತಿಲ್ಲ ಎಂಬ ಕಾರಣವನ್ನೂ ಕೊಟ್ಟಿತ್ತು.

ದೂರದಿಂದ ನೋಡುವವರಿಗೆ ಈ ಸುದ್ದಿ ಗೊಂದಲ ಹುಟ್ಟಿಸುತ್ತದೆ. ಡಮಾಸ್ಕಸ್‌ನಲ್ಲಿ ಈಗ ಅಧಿಕಾರದಲ್ಲಿರುವವರು ಇಸ್ಲಾಮಿಸ್ಟ್ ಹಿನ್ನೆಲೆಯವರು. ಹಾಗಾಗಿ 'ಹೆಣ್ಣುಮಗಳು ನಟಿಸಿದ್ದಕ್ಕೇ ಶಿಕ್ಷೆ' ಅಂತ ಅಂದುಕೊಳ್ಳುವುದು ಸುಲಭ. ಆದರೆ ಈ ಪ್ರಕರಣ ಅದಲ್ಲ. ನಟನೆಗೆ, ಉಡುಪಿಗೆ, ಪರದೆ ಮೇಲೆ ಬಂದ ಯಾವ ದೃಶ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಸರ್ಕಾರದ ಬಗ್ಗೆ ಆಕೆ ಆಡಿದ ಮಾತು ಮತ್ತು ಆಡದೇ ಉಳಿಸಿದ ಮಾತು, ಎರಡೂ ಸೇರಿ ಆದ ಜಗಳ ಇದು.

ಹಾಗಾದರೆ ವೃತ್ತಿ ಸಂಘವೊಂದು ಅಭಿಪ್ರಾಯಕ್ಕಾಗಿ ಸದಸ್ಯರನ್ನು ಹೊರಹಾಕಬಹುದಾ? ಹೊರಹಾಕಿದರೆ ನಟಿಯ ವೃತ್ತಿ ಮುಗಿಯುತ್ತದಾ? ಇದಕ್ಕೆ ಉತ್ತರ ಹುಡುಕಬೇಕಾದರೆ ಸಿರಿಯಾದ ಟಿವಿ ಧಾರಾವಾಹಿಗಳ ಮಾರುಕಟ್ಟೆಯನ್ನೂ, ಆ ಸಂಘದ ಹಳೆಯ ಚಾಳಿಯನ್ನೂ ನೋಡಬೇಕು.

ಯಾರು ಈ ಸುಲಾಫ್?

ಸುಲಾಫ್ ಹುಟ್ಟಿದ್ದು 1977ರಲ್ಲಿ, ಮೆಡಿಟರೇನಿಯನ್ ದಂಡೆಯ ಲಟಾಕಿಯಾ ಊರಿನಲ್ಲಿ. ಸಿರಿಯಾದ ಧಾರಾವಾಹಿಗಳಲ್ಲಿ ಹೆಸರು ಮಾಡಿ ಆಮೇಲೆ ಈಜಿಪ್ಟಿಗೆ ಕಾಲಿಟ್ಟರು. ಗಾಯಕ ಅಬ್ದುಲ್ ಹಲೀಮ್ ಹಾಫಿಜ್ ಬದುಕಿನ ಕುರಿತ 'ಹಲೀಮ್' ಸಿನಿಮಾ 2006ರಲ್ಲಿ ಬಂತು. ಅದರಲ್ಲಿ ಈಜಿಪ್ಟಿನ ದೊಡ್ಡ ನಟ ಅಹ್ಮದ್ ಝಕಿ ಜೊತೆ ಕಾಣಿಸಿಕೊಂಡರು. ಝಕಿ ಅವರ ಕೊನೆಯ ಸಿನಿಮಾ ಅದು. ಚಿತ್ರೀಕರಣ ನಡೆಯುತ್ತಿರುವಾಗಲೇ ಅವರು ತೀರಿಕೊಂಡಿದ್ದರು.

ಆದರೆ ಆಕೆಯನ್ನು ಅರಬ್ ಮನೆಮನೆಗೆ ಮುಟ್ಟಿಸಿದ್ದು 2008ರ 'ಅಸ್ಮಹಾನ್' ಧಾರಾವಾಹಿ. ಟ್ಯುನೀಶಿಯಾದ ಶೌಕಿ ಅಲ್ ಮಾಜ್ರಿ ಅದರ ನಿರ್ದೇಶಕ. ಅಸ್ಮಹಾನ್ ಕಲ್ಪನೆಯ ಪಾತ್ರವಲ್ಲ. ಸಿರಿಯಾದ ದಕ್ಷಿಣದಲ್ಲಿ ಡ್ರೂಜ್ ಎಂಬ ಅಲ್ಪಸಂಖ್ಯಾತ ಧಾರ್ಮಿಕ ಪಂಗಡದವರ ಬೆಟ್ಟದ ದೊಡ್ಡ ಮನೆತನ ಅಲ್ ಅತ್ರಶ್‌ಗೆ ಸೇರಿದ ಹೆಣ್ಣುಮಗಳು. ಕೈರೋದಲ್ಲಿ ಹಾಡುಗಾರ್ತಿಯಾಗಿ ಮೆರೆದಳು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ತನ್ನ ಬೆಟ್ಟದ ಮುಖಂಡರ ಜೊತೆ ಮಾತುಕತೆಗೂ ಹೋದಳು. 1944ರ ಜುಲೈನಲ್ಲಿ ಕಾರು ಕಾಲುವೆಗೆ ಬಿದ್ದು ತೀರಿಕೊಂಡಳು. ಅದು ಅಪಘಾತವೋ ಕೊಲೆಯೋ ಎಂಬ ವಾದ ಇಂದಿಗೂ ನಿಂತಿಲ್ಲ. ಧಾರಾವಾಹಿ ಬಂದಾಗ ಅತ್ರಶ್ ಕುಟುಂಬದವರು ಸಿಟ್ಟಾದರು. ಮನೆತನದ ಮಾನ ಹೋಯಿತು ಅಂದರು. ಆ ಗಲಾಟೆಯಿಂದ ಧಾರಾವಾಹಿಗೆ ಪ್ರಚಾರ ಇನ್ನೂ ಜಾಸ್ತಿಯಾಯಿತು. ರಾಜಕೀಯದಿಂದ ದೂರ ಉಳಿಯಲಾಗದ ಒಬ್ಬ ಕಲಾವಿದೆಯ ಪಾತ್ರ ಮಾಡಿಯೇ ಸುಲಾಫ್ ತಾರೆಯಾದರು ಅನ್ನುವುದನ್ನು ಗಮನಿಸಬೇಕು.

2010ರಲ್ಲಿ 'ಕ್ಲಿಯೋಪಾತ್ರ'. ಅದನ್ನು ನಿರ್ದೇಶಿಸಿದ್ದು ಆಗ ಪತಿಯಾಗಿದ್ದ ನಟ ವಾಯಿಲ್ ರಮದಾನ್. 2011ರಲ್ಲಿ 'ವಿಲಾದಾ ಮಿನಲ್ ಖಾಸಿರಾ' ಧಾರಾವಾಹಿಯ ಮುಖ್ಯ ತಾರಾಗಣದಲ್ಲಿದ್ದರು. ಗುಪ್ತಚರ ಅಧಿಕಾರಿಯೊಬ್ಬನ ದರ್ಪ, ಲಂಚ, ಬಡವರ ಮೇಲಿನ ದಬ್ಬಾಳಿಕೆ ಅದರ ವಸ್ತು. ಇಸ್ರೇಲ್ ಹಿಡಿದಿಟ್ಟುಕೊಂಡಿರುವ ಗೋಲಾನ್ ಬೆಟ್ಟಪ್ರದೇಶದ ಹಿನ್ನೆಲೆಯಲ್ಲಿ ಒಂದು ಸಿನಿಮಾವನ್ನು ತಾವೇ ನಿರ್ದೇಶಿಸಿದರು. ಅಸಾದ್ ಸರ್ಕಾರ ಬೀಳುವ ಕೆಲವೇ ವಾರ ಮುಂಚೆ, 2024ರ ನವೆಂಬರ್‌ನಲ್ಲಿ, ಆಕೆ ಮುಖ್ಯ ಪಾತ್ರದಲ್ಲಿದ್ದ 'ಸಲ್ಮಾ' ಕೈರೋ ಚಿತ್ರೋತ್ಸವದಲ್ಲಿ ತೆರೆಕಂಡಿತು.

ಇಷ್ಟೆಲ್ಲದರ ಜೊತೆ, 2011ರಲ್ಲಿ ಸಿರಿಯಾದ ಬೀದಿಗಳಲ್ಲಿ ಪ್ರತಿಭಟನೆ ಶುರುವಾದಾಗಿನಿಂದಲೂ ಆಕೆ ಬಶರ್ ಅಲ್ ಅಸಾದ್ ಪರ ಅಂತ ಬಹಿರಂಗವಾಗಿಯೇ ಹೇಳಿಕೊಂಡು ಬಂದವರು. ಮುಚ್ಚಿಡಲಿಲ್ಲ, ಸುತ್ತುಬಳಸಿ ಮಾತಾಡಲಿಲ್ಲ.

ಧಾರಾವಾಹಿಯೇ ಅನ್ನ

ಸಿರಿಯಾದಲ್ಲಿ ಸಿನಿಮಾ ಉದ್ಯಮ ಅಂತ ಹೇಳಿಕೊಳ್ಳುವಂಥದ್ದು ಇರಲಿಲ್ಲ. 1963ರಲ್ಲಿ ಶುರುವಾದ ಸರ್ಕಾರಿ ಸಿನಿಮಾ ಸಂಸ್ಥೆ ವರ್ಷಕ್ಕೆ ಬೆರಳೆಣಿಕೆಯ ಚಿತ್ರ ತೆಗೆಯುತ್ತಿತ್ತು, ಅಷ್ಟೇ. ನಟನಟಿಯರ ಹೊಟ್ಟೆ ತುಂಬಿಸಿದ್ದು ಟಿವಿ. ಅದರಲ್ಲೂ ರಂಜಾನ್ ತಿಂಗಳ ಟಿವಿ.

ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯವರಿಗೆ ಇದು ಗೊತ್ತಿರುತ್ತದೆ. ರಂಜಾನ್‌ನಲ್ಲಿ ಸಂಜೆ ಉಪವಾಸ ಬಿಟ್ಟ ಮೇಲೆ ಇಡೀ ಮನೆ ಟಿವಿ ಮುಂದೆ ಕೂರುತ್ತದೆ. ದಿನಕ್ಕೊಂದು ಕಂತು, ತಿಂಗಳಿಗೆ ಮೂವತ್ತು ಕಂತು, ಅಲ್ಲಿಗೆ ಕಥೆ ಮುಗಿಯಿತು. ನಮ್ಮ ಧಾರಾವಾಹಿಗಳ ಹಾಗೆ ವರ್ಷಗಟ್ಟಲೆ ಎಳೆಯುವ ಹಾಗಿಲ್ಲ. ವರ್ಷದ ಜಾಹೀರಾತು ಹಣದ ದೊಡ್ಡ ಪಾಲು ಆ ಒಂದೇ ತಿಂಗಳಲ್ಲಿ ಸುರಿಯುತ್ತದೆ.

1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದವು. ಸೌದಿ ಹಣದ ಎಂಬಿಸಿ ಅವುಗಳಲ್ಲಿ ದೊಡ್ಡದು. ಅವಕ್ಕೆ ಗಂಟೆಗಟ್ಟಲೆ ಕಾರ್ಯಕ್ರಮ ಬೇಕಿತ್ತು. ಈಜಿಪ್ಟಿನ ಧಾರಾವಾಹಿಗಳು ಸ್ಟುಡಿಯೋ ಗೋಡೆಗಳ ನಡುವೆಯೇ ಸುತ್ತುತ್ತಿದ್ದಾಗ ಸಿರಿಯಾದವರು ಕ್ಯಾಮೆರಾವನ್ನು ಬೀದಿಗೆ, ಹಳೇ ಡಮಾಸ್ಕಸ್‌ನ ಅಂಗಳದ ಮನೆಗಳಿಗೆ ಒಯ್ದರು. ಖರ್ಚು ಕಮ್ಮಿ, ನಟನೆ ಚೆನ್ನ. 2006ರಲ್ಲಿ ಶುರುವಾದ 'ಬಾಬ್ ಅಲ್ ಹಾರಾ' ಇಡೀ ಅರಬ್ ಜಗತ್ತನ್ನು ಹಿಡಿದು ಕೂರಿಸಿತು. ಟರ್ಕಿಯ ಧಾರಾವಾಹಿಗಳು ಅರಬ್ಬರಿಗೆ ಹುಚ್ಚು ಹಿಡಿಸಿದಾಗಲೂ ಅವುಗಳ ಬಾಯಲ್ಲಿ ಇದ್ದದ್ದು ಸಿರಿಯಾದ ಆಡುಮಾತು. 2008ರಲ್ಲಿ 'ನೂರ್' ಧಾರಾವಾಹಿಯ ಕೊನೆಯ ಕಂತನ್ನು ಎಂಟೂವರೆ ಕೋಟಿ ಜನ ನೋಡಿದರು ಅಂತ ಎಂಬಿಸಿ ಹೇಳಿಕೊಂಡಿತು. ಆ ದನಿಗಳೆಲ್ಲ ಡಮಾಸ್ಕಸ್‌ನ ಡಬ್ಬಿಂಗ್ ಸ್ಟುಡಿಯೋಗಳಿಂದ ಬಂದವು.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿತು. ಹಣ ಕೊಡುವವರು ಕೊಲ್ಲಿಯವರು, ನೋಡುವವರು ಇಡೀ ಅರಬ್ ಜಗತ್ತು. ಆದರೆ ಚಿತ್ರೀಕರಣದ ಪರವಾನಗಿ, ಸ್ಕ್ರಿಪ್ಟ್‌ಗೆ ಸೆನ್ಸಾರ್ ಒಪ್ಪಿಗೆ, ಬೀದಿಯಲ್ಲಿ ಕ್ಯಾಮೆರಾ ಇಡಲು ಪೊಲೀಸ್ ಅನುಮತಿ ಎಲ್ಲಾ ಅಸಾದ್ ಸರ್ಕಾರದ ಕೈಯಲ್ಲಿ. ನಿರ್ಮಾಪಕರಲ್ಲಿ ಹಲವರು ಸರ್ಕಾರಕ್ಕೆ ಹತ್ತಿರದವರು. ಗುಪ್ತಚರ ಅಧಿಕಾರಿಯನ್ನು ಕೆಟ್ಟವನಾಗಿ ತೋರಿಸಬಹುದಿತ್ತು, ಅದಕ್ಕೂ ಮೇಲಿನವರಿಂದ ಒಪ್ಪಿಗೆ ಸಿಕ್ಕಿದ್ದರೆ. ಒಬ್ಬ ಅಧಿಕಾರಿ ಕೆಟ್ಟವನು ಅನ್ನಬಹುದು, ಅಧ್ಯಕ್ಷನ ಬಗ್ಗೆ ಚಕಾರ ಎತ್ತುವಂತಿಲ್ಲ. ಜನರ ಸಿಟ್ಟು ಪರದೆ ಮೇಲೆಯೇ ಆರಲಿ ಅನ್ನುವ ಲೆಕ್ಕ. ಅಂಥ ವ್ಯವಸ್ಥೆಯೊಳಗೆ ತಾರೆಯಾದವರಲ್ಲಿ ಸರ್ಕಾರದ ಋಣ ಇಲ್ಲದವರು ಬಹಳ ಕಮ್ಮಿ.

ಹಾಲಿಗಾಗಿ ಒಂದು ಮನವಿ

2011ರ ಏಪ್ರಿಲ್ ಕೊನೆಯಲ್ಲಿ ಸೇನೆ ದಕ್ಷಿಣದ ದರಾ ಊರನ್ನು ಸುತ್ತುವರಿಯಿತು. ನೀರು, ಕರೆಂಟು, ಫೋನು ಕಡಿತವಾಯಿತು. ಆಗ ಬರಹಗಾರ್ತಿ ರೀಮಾ ಫ್ಲೈಹಾನ್ ಒಂದು ಮನವಿ ಬರೆದರು. ದರಾದ ಮಕ್ಕಳು ಯಾವ ಪ್ರತಿಭಟನೆಯಲ್ಲೂ ಇಲ್ಲ, ಅವರಿಗೆ ಆಹಾರ, ಔಷಧ, ಹಾಲು ಹೋಗಲು ಬಿಡಿ ಎಂದಷ್ಟೇ ಅದರಲ್ಲಿತ್ತು. ಸರ್ಕಾರ ಇಳಿಯಲಿ ಅಂತ ಎಲ್ಲೂ ಇರಲಿಲ್ಲ. ನಟನಟಿಯರು, ಬರಹಗಾರರು ನೂರಾರು ಸಂಖ್ಯೆಯಲ್ಲಿ ಸಹಿ ಹಾಕಿದರು. 'ದಿ ಮೆಸೇಜ್' ಸಿನಿಮಾದ ಅರೇಬಿಕ್ ಆವೃತ್ತಿಯಲ್ಲಿ ಹಿಂದ್ ಪಾತ್ರ ಮಾಡಿದ್ದ ಹಿರಿಯ ನಟಿ ಮುನಾ ವಾಸೆಫ್ ಅವರ ಹೆಸರೂ ಅದರಲ್ಲಿತ್ತು. ಜನ ಅದನ್ನು 'ಹಾಲಿನ ಹೇಳಿಕೆ' ಅಂತಲೇ ಕರೆದರು.

ಉತ್ತರ ಬರಲು ಜಾಸ್ತಿ ದಿನ ಬೇಕಾಗಲಿಲ್ಲ. ನಿರ್ದೇಶಕ ನಜ್ದತ್ ಅನ್ಝೂರ್ ಮುಂದಾಳತ್ವದಲ್ಲಿ ಹಲವಾರು ನಿರ್ಮಾಣ ಸಂಸ್ಥೆಗಳು ಒಟ್ಟಾಗಿ, ಸಹಿ ಹಾಕಿದವರಿಗೆ ಇನ್ನು ಮುಂದೆ ಕೆಲಸ ಕೊಡುವುದಿಲ್ಲ ಎಂದು ಘೋಷಿಸಿದವು. ಮಕ್ಕಳಿಗೆ ಹಾಲು ಕೇಳಿದ್ದು ದೇಶದ್ರೋಹವಾಯಿತು. ಟಿವಿಯಲ್ಲಿ ಕೂರಿಸಿ ಬೈದರು. ಕೆಲವರು ಹೆದರಿ, 'ನಮ್ಮ ಮಾತನ್ನು ತಪ್ಪಾಗಿ ತಿಳಿದುಕೊಳ್ಳಲಾಗಿದೆ' ಅಂತ ಸಮಜಾಯಿಷಿ ಕೊಟ್ಟರು. ಕೆಲವರು ಗಂಟುಮೂಟೆ ಕಟ್ಟಿದರು.

ಮೇ ಸ್ಕಾಫ್ ಸಮಜಾಯಿಷಿ ಕೊಡದ ನಟಿ. 2011ರ ಜುಲೈನಲ್ಲಿ ಡಮಾಸ್ಕಸ್‌ನ ಮಿದಾನ್ ಬಡಾವಣೆಯಲ್ಲಿ ಕಲಾವಿದರ ಮೆರವಣಿಗೆಯಲ್ಲಿದ್ದಾಗ ಬಂಧಿಸಲ್ಪಟ್ಟರು. ಆಮೇಲೆ ದೇಶ ಬಿಟ್ಟರು. 2018ರ ಜುಲೈನಲ್ಲಿ ಫ್ರಾನ್ಸ್‌ನಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. ಇನ್ನೊಬ್ಬ ನಟಿ ಫದ್ವಾ ಸುಲೇಮಾನ್ ಅಸಾದ್ ಕುಟುಂಬ ಸೇರಿದ ಅಲವಿ ಪಂಗಡದವರೇ. ಆದರೂ ಹೋಮ್ಸ್ ಊರಿನಲ್ಲಿ ತಲೆಗೂದಲು ಸಣ್ಣಗೆ ಕತ್ತರಿಸಿಕೊಂಡು ಮೆರವಣಿಗೆಯ ಮುಂದೆ ನಿಂತು ಘೋಷಣೆ ಕೂಗಿದರು. ಮನೆಯವರು ಆಕೆಯನ್ನು ಬಹಿರಂಗವಾಗಿ ದೂರ ಮಾಡಿದರು. 2017ರ ಆಗಸ್ಟ್‌ನಲ್ಲಿ ಕ್ಯಾನ್ಸರ್‌ನಿಂದ ಪ್ಯಾರಿಸ್‌ನಲ್ಲಿ ಆಕೆಯೂ ಹೋದರು. ಇಬ್ಬರಿಗೂ ನಟನೆಯ ಬದುಕು ಮೊದಲಿನ ಹಾಗೆ ಉಳಿಯಲಿಲ್ಲ, ಅಸಾದ್ ಬಿದ್ದಿದ್ದನ್ನೂ ನೋಡಲಿಲ್ಲ. ಸುಲಾಫ್ ಸಾಲುಸಾಲು ಪಾತ್ರ ಮಾಡುತ್ತಿದ್ದ ವರ್ಷಗಳೇ ಅವು.

ಇವತ್ತು ಸಿರಿಯಾದಲ್ಲಿ ಸುಲಾಫ್ ಹೆಸರು ಬಂದ ಕೂಡಲೇ ಜನ ಕೆರಳುವುದು ಈ ಎರಡು ಬದುಕುಗಳನ್ನು ಪಕ್ಕದಲ್ಲಿಟ್ಟುಕೊಂಡು. ಇದನ್ನು ಬಿಟ್ಟು ಬರೀ 'ಅಭಿವ್ಯಕ್ತಿ ಸ್ವಾತಂತ್ರ್ಯ' ಅಂತ ಮಾತಾಡಿದರೆ ಅರ್ಧ ಕಥೆ ಹೇಳಿದ ಹಾಗೆ.

ಸಂಘ ಅಂದರೆ ಬರೀ ಸಂಘವಲ್ಲ

ಸಿರಿಯಾದ ಕಲಾವಿದರ ಸಂಘ 1960ರ ದಶಕದ ಕೂಸು. ಅಸಾದ್ ಕುಟುಂಬದ ಬಾಥ್ ಪಕ್ಷ ಅಧಿಕಾರ ಹಿಡಿದ ಮೇಲೆ ವಕೀಲರು, ವೈದ್ಯರು, ಎಂಜಿನಿಯರ್‌ಗಳು, ಪತ್ರಕರ್ತರು ಎಲ್ಲರ ಸಂಘಗಳನ್ನೂ ಸರ್ಕಾರದ ನೆರಳಿಗೆ ತಂದಿತು. ಕಲಾವಿದರ ಸಂಘವೂ ಅದೇ ಅಚ್ಚಿನದು. ಹೊರಗಿನಿಂದ ನೋಡಿದರೆ ವೃತ್ತಿಯವರ ಸಂಘ: ವರ್ಷದ ಚಂದಾ, ಪಿಂಚಣಿ, ಕಾಯಿಲೆಗೆ ನೆರವು. ಒಳಗೆ ಅದು ಯಾರು ಕೆಲಸ ಮಾಡಬಹುದು ಅಂತ ತೀರ್ಮಾನಿಸುವ ಜಾಗ. ಸದಸ್ಯರಲ್ಲದವರು ಒಂದು ಧಾರಾವಾಹಿಯಲ್ಲಿ ನಟಿಸಬೇಕಾದರೂ ಸಂಘದಿಂದ ಒಪ್ಪಿಗೆ ಬೇಕು. ಕಾರ್ಡು ಇದ್ದರೆ ದಾರಿ ಸಲೀಸು, ಇಲ್ಲದಿದ್ದರೆ ಪ್ರತಿ ಸಲವೂ ಕೈ ಚಾಚಬೇಕು.

ಇದೇ ಸಂಘ 2015ರಲ್ಲಿ ಏನು ಮಾಡಿತು ನೋಡಿ. 'ಬಾಬ್ ಅಲ್ ಹಾರಾ'ದಲ್ಲಿ ಪೊಲೀಸ್ ಠಾಣೆಯವನ ಪಾತ್ರದಿಂದ ಪ್ರಸಿದ್ಧರಾದ ಝುಹೈರ್ ರಮದಾನ್ ಆಗ ಸಂಘದ ಅಧ್ಯಕ್ಷರು. ಕಟ್ಟಾ ಅಸಾದ್ ಬೆಂಬಲಿಗರು. ವಿರೋಧ ಪಾಳಯಕ್ಕೆ ಹೋದ ಹತ್ತಾರು ಕಲಾವಿದರನ್ನು ಸಂಘ ಹೊರಹಾಕಿತು. ಜಮಾಲ್ ಸುಲೇಮಾನ್‌ರಂಥ ದೊಡ್ಡ ನಟ, 1980ರ ದಶಕದಲ್ಲಿ ಹಿರಿಯ ಅಸಾದ್‌ನ (ಬಶರ್ ತಂದೆ ಹಾಫೆಜ್) ಜೈಲಿನಲ್ಲಿ ವರ್ಷಗಟ್ಟಲೆ ಕಳೆದಿದ್ದ ಅಬ್ದುಲ್ ಹಕೀಂ ಕುತೈಫಾನ್, ಎಲ್ಲರೂ ಆ ಪಟ್ಟಿಯಲ್ಲಿದ್ದರು. ಕಾಗದದ ಮೇಲೆ ಕೊಟ್ಟ ಕಾರಣ ಏನು ಗೊತ್ತಾ? ಚಂದಾ ಕಟ್ಟಿಲ್ಲ! ದೇಶಕ್ಕೆ ಕಾಲಿಟ್ಟರೆ ಜೈಲು ಪಾಲಾಗುವವರು ಡಮಾಸ್ಕಸ್‌ಗೆ ಬಂದು ಚಂದಾ ಕಟ್ಟಬೇಕಿತ್ತು.

ಆ ಸುಳ್ಳು ಕಾರಣಕ್ಕೂ ಈಗಿನ ನಿಜವಾದ ಕಾರಣಕ್ಕೂ ವ್ಯತ್ಯಾಸ ಇದೆ, ಒಪ್ಪೋಣ. ಈಗಿನವರು ಏನನ್ನೂ ಮುಚ್ಚಿಡದೆ ಇದು ರಾಜಕೀಯ ನಿಲುವಿಗಾಗಿ ಅಂತಲೇ ಹೇಳಿದ್ದಾರೆ. ಆದರೆ ಬಳಸಿದ ಆಯುಧ ಅದೇ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಗಂಟು ಇರುವುದು ಅಲ್ಲೇ.

ಡಿಸೆಂಬರ್ 8ರ ನಂತರ

2024ರ ಡಿಸೆಂಬರ್ 8ರ ಬೆಳಗ್ಗೆ ಬಶರ್ ಡಮಾಸ್ಕಸ್ ಬಿಟ್ಟು ಓಡಿಹೋಗಿದ್ದರು, ಆಮೇಲೆ ರಷ್ಯಾ ಸೇರಿದರು. ಐವತ್ತು ವರ್ಷ ಮೀರಿದ ಕುಟುಂಬದ ಆಳ್ವಿಕೆ ಹನ್ನೊಂದು ದಿನಗಳ ದಾಳಿಯಲ್ಲಿ ಕುಸಿಯಿತು. ಡಮಾಸ್ಕಸ್ ಹತ್ತಿರದ ಸೈದ್ನಾಯಾ ಜೈಲಿನ ಬಾಗಿಲು ಒಡೆದಾಗ ಸಾವಿರಾರು ಜನ ಅಲ್ಲಿಗೆ ಓಡಿದರು, ಕಾಣೆಯಾದ ಮಗ, ಗಂಡ, ಅಣ್ಣ ಸಿಗುತ್ತಾನೇನೋ ಅಂತ. ಬಹುತೇಕರಿಗೆ ಸಿಗಲಿಲ್ಲ. ನೆಲದ ಮೇಲೆ ಹರಡಿದ್ದ ಜೈಲಿನ ಕಡತಗಳಲ್ಲಿ ಫೋನಿನ ಬೆಳಕು ಬಿಟ್ಟು ಹೆಸರು ಹುಡುಕುವ ತಾಯಂದಿರನ್ನು ಜಗತ್ತೇ ನೋಡಿತು. ಸಿರಿಯಾದಲ್ಲಿ ಕಾಣೆಯಾದವರ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು.

ಕಲಾವಿದರಲ್ಲಿ ಆಗ ಮೂರು ತರಹದವರು ಕಂಡರು. ಮೊದಲನೆಯವರು ತಪ್ಪಾಯಿತು ಅಂದವರು. ಹಿರಿಯ ನಟ ಐಮನ್ ಝೈದಾನ್ ತಾನು ಭ್ರಮೆಯಲ್ಲಿದ್ದೆ, ಭಯದ ಬಂದಿಯಾಗಿದ್ದೆ ಎಂಬ ಅರ್ಥದಲ್ಲಿ ಬರೆದು ಕ್ಷಮೆ ಕೇಳಿದರು. ಎರಡನೆಯವರು ರಾತ್ರೋರಾತ್ರಿ ಬಣ್ಣ ಬದಲಿಸಿದವರು. ಹಳೇ ಫೋಟೋ ಅಳಿಸಿ, ಹೊಸ ಬಾವುಟ ಹಾಕಿಕೊಂಡರು. ಸಿರಿಯಾದ ಜನ ಇದಕ್ಕೆ 'ತಕ್ವೀ' ಅಂತ ಹೆಸರಿಟ್ಟು ನಕ್ಕರು. ರಸ್ತೆಯ ತಿರುವಿನಲ್ಲಿ ಗಾಡಿಯನ್ನು ಗಕ್ಕನೆ ಹೊರಳಿಸಿದ ಹಾಗೆ.

ಮೂರನೆಯವರು ಹೊರಳದವರು. ಸುಲಾಫ್ ಆ ಗುಂಪಿನಲ್ಲಿ ಎದ್ದು ಕಂಡರು. ತನ್ನ ಹಿಂದಿನ ದಿನಗಳನ್ನು ಅಲ್ಲಗಳೆಯುವುದಿಲ್ಲ ಅಂದರು. ಸಂದರ್ಶನಗಳಲ್ಲೂ ಹಳೆಯ ನಿಲುವನ್ನೇ ಸಮರ್ಥಿಸಿಕೊಂಡರು. ಬಣ್ಣ ಬದಲಿಸಿದವರಿಗಿಂತ ಈಕೆಯೇ ವಾಸಿ ಅಂತ ಕೆಲವರು ಮೆಚ್ಚಿದ್ದೂ ಉಂಟು. ಆದರೆ ಮಗನ ಮೂಳೆಯೂ ಸಿಗದ ತಾಯಿಗೆ ಈ ಪ್ರಾಮಾಣಿಕತೆಯಿಂದ ಏನು ಬಂತು?

ಈ ಹೊತ್ತಿಗೆ ಸಂಘದಲ್ಲೂ ಯಜಮಾನಿಕೆ ಬದಲಾಗಿತ್ತು. ಅಸಾದ್ ವಿರೋಧಿ ಪಾಳಯದಲ್ಲಿದ್ದ ನಟ ಮಾಜೆನ್ ಅಲ್ ನಾತೂರ್ ಅಧ್ಯಕ್ಷರಾದರು. ಹೊರಹಾಕಿಸಿಕೊಂಡ ಪಾಳಯವೇ ಈಗ ಹೊರಹಾಕುವ ಕುರ್ಚಿಯಲ್ಲಿ ಕೂತಿತು.

ತೆಗೆದಿದ್ದು ಸರಿ ಅನ್ನುವವರು

ಇವರ ವಾದವನ್ನು ಸುಮ್ನೆ ಸೇಡು ಅಂತ ತಳ್ಳಿಹಾಕುವ ಹಾಗಿಲ್ಲ. ಬೇರೆ ಅಭಿಪ್ರಾಯ ಇರುವುದು ಒಂದು, ನಡೆದ ಕೊಲೆಗಳನ್ನು ನಡೆದೇ ಇಲ್ಲ ಅನ್ನುವುದು ಇನ್ನೊಂದು ಎನ್ನುತ್ತಾರೆ ಅವರು. 'ಸೀಸರ್' ಎಂಬ ಗುಪ್ತನಾಮದ ಸೇನಾ ಛಾಯಾಗ್ರಾಹಕ 2013ರಲ್ಲಿ ಹೊರಕ್ಕೆ ಸಾಗಿಸಿದ ಐವತ್ತು ಸಾವಿರಕ್ಕೂ ಹೆಚ್ಚು ಫೋಟೋಗಳಿವೆ. ಅವುಗಳಲ್ಲಿ ಕಸ್ಟಡಿಯಲ್ಲಿ ಸತ್ತ ಸಾವಿರಾರು ಜನರ ದೇಹಗಳಿವೆ. ಇಷ್ಟು ಸಾಕ್ಷಿ ಇರುವಾಗ ಸಂದೇಹದ ಮಾತಾಡುವುದು ಬದುಕಿರುವವರಿಗೆ ಮತ್ತೆ ಹೊಡೆದ ಹಾಗೆ. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಯಹೂದಿಗಳ ಹತ್ಯೆ ನಡೆದಿಲ್ಲ ಅನ್ನುವುದು ಕಾನೂನಿನ ಪ್ರಕಾರ ಅಪರಾಧ. ಸಿರಿಯಾಗೆ ಯಾಕೆ ಬೇರೆ ಅಳತೆ?

ಅವರಿಗೆ ಕಾನೂನಿನ ಆಧಾರವೂ ಇದೆ. 2025ರ ಮಾರ್ಚ್ 13ರಂದು ಮಧ್ಯಂತರ ಅಧ್ಯಕ್ಷ ಅಹ್ಮದ್ ಅಲ್ ಶರಾ ಸಹಿ ಹಾಕಿದ ಸಂವಿಧಾನಾತ್ಮಕ ಘೋಷಣೆ ಐದು ವರ್ಷಗಳ ಮಧ್ಯಂತರ ಅವಧಿಗೆ ಅನ್ವಯಿಸುತ್ತದೆ. ಹಳೆಯ ಆಡಳಿತವನ್ನು ಹೊಗಳುವುದು, ಅದರ ಅಪರಾಧಗಳನ್ನು ನಿರಾಕರಿಸುವುದು ಶಿಕ್ಷಾರ್ಹ ಎಂದು ಅದರಲ್ಲಿದೆ. ಸಂಘದ ಪ್ರಕಟಣೆ ಬಂದದ್ದು ಸುಮಾರು ಒಂದು ತಿಂಗಳ ನಂತರ. ಎರಡರ ಭಾಷೆಯೂ ಒಂದೇ. ಅಂದರೆ ಸಂಘ ತನ್ನದೇ ಹೊಸ ನಿಯಮ ಮಾಡಲಿಲ್ಲ. ದೇಶದ ಹೊಸ ನಿಯಮವನ್ನು ಕೋರ್ಟಿಗಿಂತ ಮೊದಲು ತಾನೇ ಜಾರಿ ಮಾಡಿತು.

ತಪ್ಪು ಅನ್ನುವವರು

ಆಕ್ಷೇಪ ಹುಟ್ಟುವುದೂ ಅಲ್ಲೇ: ಕೋರ್ಟಿಗಿಂತ ಮೊದಲು. ನಿರಾಕರಣೆ ಅಪರಾಧ ಅಂತಾದರೆ ದೂರು ದಾಖಲಾಗಬೇಕು, ವಕೀಲರು ಬೇಕು, ಮೇಲ್ಮನವಿ ಇರಬೇಕು. ಸಂಘದ ಸಭೆಯಲ್ಲಿ ಇದ್ಯಾವುದೂ ಇಲ್ಲ. ಯಾವ ಮಾತು ನಿರಾಕರಣೆ, ಯಾವುದು ಬರೀ ಮೌನ, ಯಾವುದು ಹಳೆಯ ನೆನಪು ಅಂತ ಗೆರೆ ಎಳೆಯುವವರು ಯಾರು?

ಇನ್ನೊಂದು ಆಕ್ಷೇಪ ಇನ್ನೂ ಸೂಕ್ಷ್ಮ. ಅದೇ ಮಾರ್ಚ್ ಆರಂಭದಲ್ಲಿ ಸಿರಿಯಾದ ಕರಾವಳಿಯಲ್ಲಿ, ಲಟಾಕಿಯಾ ಮತ್ತು ಸುತ್ತಲಿನ ಊರುಗಳಲ್ಲಿ, ಅಲವಿ ಪಂಗಡದವರ ಸಾಮೂಹಿಕ ಹತ್ಯೆ ನಡೆಯಿತು. ವಿಶ್ವಸಂಸ್ಥೆಯ ತನಿಖಾ ಆಯೋಗದ ಪ್ರಕಾರ ಸತ್ತವರು ಸುಮಾರು 1,400. ಸರ್ಕಾರದ ಪರ ಹೋರಾಡುವ ಗುಂಪುಗಳವರೂ ಅದರಲ್ಲಿ ಭಾಗಿಯಾಗಿದ್ದರು. ಜುಲೈನಲ್ಲಿ ಡ್ರೂಜ್ ಸಮುದಾಯದ ಸುವೈದಾದಲ್ಲಿ, ಅಂದರೆ ಅಸ್ಮಹಾನ್‌ಳ ಬೆಟ್ಟದಲ್ಲಿ, ಮತ್ತೆ ರಕ್ತ ಹರಿಯಿತು. ಘೋಷಣೆ ಹೇಳುವುದು ಅಸಾದ್ ಕಾಲದ ಅಪರಾಧಗಳನ್ನು ನಿರಾಕರಿಸಬಾರದು ಅಂತ. ಈಗಿನ ಹತ್ಯೆಗಳನ್ನು ಯಾರಾದರೂ ನಿರಾಕರಿಸಿದರೆ ಅದಕ್ಕೆ ಶಿಕ್ಷೆ ಇಲ್ಲ. ಒಂದು ಕಾಲದ ನೋವಿಗೆ ಮಾತ್ರ ಕಾನೂನಿನ ಕಾವಲು ಇದ್ದರೆ ಉಳಿದವರು ಅದನ್ನು ನ್ಯಾಯ ಅಂತ ನಂಬುವುದು ಕಷ್ಟ.

ಅಲ್ಲದೆ ಸುಲಾಫ್ ಯಾರನ್ನೂ ಬಂಧಿಸಿದವರಲ್ಲ, ಹಿಂಸಿಸಿದವರಲ್ಲ. ಮೇ 2025ರಲ್ಲಿ ಪರಿವರ್ತನಾ ಕಾಲದ ನ್ಯಾಯಕ್ಕೆ ಒಂದು ಆಯೋಗ, ಕಾಣೆಯಾದವರಿಗೆ ಇನ್ನೊಂದು ಆಯೋಗ ರಚನೆಯಾದವು. ನಿಜವಾದ ಅಪರಾಧಿಗಳ ವಿಚಾರಣೆ ಆಮೆವೇಗದಲ್ಲಿ ಸಾಗುವಾಗ, ಸುಲಭವಾಗಿ ಕೈಗೆ ಸಿಗುವುದು ಪ್ರಸಿದ್ಧ ಮುಖಗಳು. ನಟಿಯ ಹೆಸರು ತೆಗೆದರೆ ಏನೋ ಒಂದು ಲೆಕ್ಕ ಚುಕ್ತಾ ಆಯಿತು ಅನ್ನಿಸುತ್ತದೆ. ಆದರೆ ಚುಕ್ತಾ ಆಗಿರುವುದಿಲ್ಲ.

ಕೈರೋ ಏನು ಮಾಡಿತ್ತು?

ಇದು ಸಿರಿಯಾದ ರೋಗ ಮಾತ್ರ ಅಂದುಕೊಳ್ಳಬೇಡಿ. 2019ರ ಮಾರ್ಚ್‌ನಲ್ಲಿ ಈಜಿಪ್ಟಿನ ನಟರ ಸಂಘ ಅಮ್ರ್ ವಾಕೆದ್ ಮತ್ತು ಖಾಲಿದ್ ಅಬುಲ್ ನಗಾ ಅವರನ್ನು ದೇಶದ್ರೋಹಿಗಳು ಅಂತ ಹೊರಹಾಕಿತು. ಅವರ ತಪ್ಪು: ವಾಷಿಂಗ್ಟನ್‌ಗೆ ಹೋಗಿ ಈಜಿಪ್ಟಿನ ಮಾನವ ಹಕ್ಕುಗಳ ಬಗ್ಗೆ ಮಾತಾಡಿದ್ದು. ವಾಕೆದ್ ಹಾಲಿವುಡ್ ಸಿನಿಮಾಗಳಲ್ಲಿ ನಟಿಸುವವರು, ಅವರಿಗೆ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಆದರೆ ಈಜಿಪ್ಟಿನ ಪರದೆ ಮುಚ್ಚಿತು.

ಅರಬ್ ದೇಶಗಳಲ್ಲಿ ಈ ಸಂಘಗಳ ಹಿಡಿತ ಹೇಗಿದೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ 2008ರದ್ದು. 'ಅಸ್ಮಹಾನ್' ಬಂದ ವರ್ಷವೇ ಈಜಿಪ್ಟಿನ ನಟರ ಸಂಘದ ಅಧ್ಯಕ್ಷ ಅಶ್ರಫ್ ಝಕಿ, ಹೊರದೇಶದ ಅರಬ್ ನಟರು ಈಜಿಪ್ಟಿನಲ್ಲಿ ವರ್ಷಕ್ಕೆ ಒಂದೇ ಕೆಲಸ ಮಾಡಬೇಕು ಅಂದರು. ಕೈರೋದಲ್ಲಿ ಅವಕಾಶ ಬಾಚಿಕೊಳ್ಳುತ್ತಿದ್ದ ಸಿರಿಯಾದವರಿಗೆ ಬಿದ್ದ ಹೊಡೆತ ಅದು ಅಂತ ಎಲ್ಲರಿಗೂ ಗೊತ್ತಿತ್ತು. ಹೊರದೇಶದ ನಟಿಯ ಕೆಲಸ ನಿಲ್ಲಿಸುವ ಅಥವಾ ನಡೆಸುವ ಕೀಲಿ ಆಯಾ ದೇಶದ ಸಂಘದ ಹತ್ತಿರ ಇರುತ್ತದೆ. ಡಮಾಸ್ಕಸ್ ಸಂಘ ಕಾರ್ಡು ಕಿತ್ತುಕೊಂಡ ಮಾತ್ರಕ್ಕೆ ಕೈರೋ ಅಥವಾ ದುಬೈ ತಾನಾಗಿ ಬಾಗಿಲು ಮುಚ್ಚುವುದಿಲ್ಲ.

ಹಾಗಾದರೆ ಪೆಟ್ಟು ಬೀಳುವುದು ಯಾರಿಗೆ?

ಸುಲಾಫ್ ವೃತ್ತಿಗೆ ಇದರಿಂದ ಪೂರ್ಣವಿರಾಮ ಬೀಳುವ ಸಾಧ್ಯತೆ ಕಮ್ಮಿ. ಆಕೆಗೆ ಸಿರಿಯಾದ ಹೊರಗೆ ಹದಿನೈದು ಇಪ್ಪತ್ತು ವರ್ಷಗಳ ಹೆಸರಿದೆ. ಡಮಾಸ್ಕಸ್‌ನಲ್ಲಿ ಚಿತ್ರೀಕರಣ ಅಸಾಧ್ಯವಾಗುತ್ತದೆ, ಸಿರಿಯಾದ ನಿರ್ಮಾಪಕರು ಹಿಂಜರಿಯುತ್ತಾರೆ, ಕೊಲ್ಲಿಯ ವಾಹಿನಿಗಳು ತಮ್ಮ ಸರ್ಕಾರ ಶರಾ ಜೊತೆ ಎಷ್ಟು ಚೆನ್ನಾಗಿದೆ ಅಂತ ನೋಡಿಕೊಂಡು ಕರೆಯುತ್ತವೆ ಅಥವಾ ಕರೆಯುವುದಿಲ್ಲ. ಪಾತ್ರಗಳು ಕಡಿಮೆಯಾಗಬಹುದು, ಆಕೆಗೆ ಒಪ್ಪುವ ರಾಜಕೀಯದವರೇ ಕರೆಯುವ ಹಾಗಾಗಬಹುದು.

ಕಿಂದಾ ಅಲ್ಲೂಶ್ ಉದಾಹರಣೆ ಕಣ್ಣ ಮುಂದಿದೆ. ಕ್ರಾಂತಿಯ ಪರ ನಿಂತ ಆ ನಟಿ ಕೈರೋಗೆ ಹೋಗಿ ನೆಲೆ ನಿಂತರು. 2022ರಲ್ಲಿ ಸಿರಿಯಾದ ನಿರಾಶ್ರಿತ ಈಜುಗಾರ್ತಿಯರ ಕುರಿತ ನೆಟ್‌ಫ್ಲಿಕ್ಸ್ ಸಿನಿಮಾ 'ದಿ ಸ್ವಿಮ್ಮರ್ಸ್'ನಲ್ಲಿ ನಟಿಸಿದರು. ದೇಶ ಬಾಗಿಲು ಮುಚ್ಚಿದಾಗಲೂ ಹೆಸರಿದ್ದವರು ಬದುಕಿಕೊಂಡರು. ಆ ಲೆಕ್ಕ ಎರಡೂ ಪಾಳಯದ ತಾರೆಯರಿಗೆ ಒಂದೇ.

ತೊಂದರೆ ಹೆಸರಿಲ್ಲದವರಿಗೆ. ಡಬ್ಬಿಂಗ್ ಸ್ಟುಡಿಯೋದಲ್ಲಿ ದಿನಗೂಲಿಯ ಹಾಗೆ ದನಿ ಕೊಡುವ ನಟಿ, ಎರಡನೇ ಸಾಲಿನ ಪೋಷಕ ನಟ, ಸಂಘದ ಪಿಂಚಣಿ ನಂಬಿ ಕೂತ ಮುದುಕರು. ಇವರಲ್ಲಿ ಎಷ್ಟೋ ಮಂದಿ 2011ರ ನಂತರ ಸರ್ಕಾರದ ಪರ ಒಂದಲ್ಲ ಒಂದು ಸಭೆಯಲ್ಲಿ ನಿಂತಿರುತ್ತಾರೆ, ಕರೆದರು ಅಂತ. ಸುಲಾಫ್ ಹೆಸರು ತೆಗೆದದ್ದನ್ನು ನೋಡಿದ ಇವರು ಏನು ಕಲಿಯುತ್ತಾರೆ? ಬಾಯಿ ಮುಚ್ಚಿಕೊಂಡಿರಬೇಕು, ಅಥವಾ ಬೇಗ ಬಣ್ಣ ಬದಲಿಸಬೇಕು. 2011ರಲ್ಲಿ ಹಾಲಿನ ಹೇಳಿಕೆಗೆ ಸಹಿ ಹಾಕಿದವರ ಗತಿ ನೋಡಿ ಕಲಿತದ್ದೂ ಅದನ್ನೇ.

ಈಗ ದುಡ್ಡು ಮತ್ತೆ ಬರುತ್ತಿದೆ. 2025ರ ಮೇ ತಿಂಗಳಲ್ಲಿ ಅಮೆರಿಕ ನಿರ್ಬಂಧ ತೆಗೆಯುವುದಾಗಿ ಹೇಳಿತು. ಜೂನ್ ಕೊನೆಯಲ್ಲಿ 'ಡಮಾಸ್ಕಸ್ ಗೇಟ್' ಎಂಬ ಮಾಧ್ಯಮ ಮತ್ತು ಸಿನಿಮಾ ನಗರ ಕಟ್ಟಲು 150 ಕೋಟಿ ಡಾಲರ್‌ನಷ್ಟು ದೊಡ್ಡ ಯೋಜನೆಗೆ ಒಪ್ಪಂದವಾಯಿತು. ಅದು ನಿಜಕ್ಕೂ ಎದ್ದುನಿಂತರೆ ಸಾವಿರಾರು ಜನರಿಗೆ ಕೆಲಸ. ಆಗ ಸಂಘದ ಕಾರ್ಡಿನ ಬೆಲೆ ಇನ್ನೂ ಏರುತ್ತದೆ, ಕಾರ್ಡು ಕೊಡುವವರ ಕೈಯೂ ಬಲವಾಗುತ್ತದೆ.

ಹಾಗಾಗಿ ಮುಂದೆ ಗಮನಿಸಬೇಕಾದ್ದು ಸುಲಾಫ್ ಯಾವ ಧಾರಾವಾಹಿಯಲ್ಲಿ ಬರುತ್ತಾರೆ ಅನ್ನುವುದಕ್ಕಿಂತ, ಸಂಘದ ನಿಯಮಾವಳಿ ಬದಲಾಗುತ್ತದಾ ಎಂಬುದು. ಹೊರಹಾಕುವ ಮುನ್ನ ವಿಚಾರಣೆ, ಕೋರ್ಟಿಗೆ ಹೋಗುವ ದಾರಿ, ಸದಸ್ಯರಲ್ಲದವರಿಗೂ ನಟಿಸುವ ಹಕ್ಕು: ಈ ಮೂರರಲ್ಲಿ ಒಂದನ್ನಾದರೂ ಬರವಣಿಗೆಯಲ್ಲಿ ತಂದರೆ ಅಸಾದ್ ಕಾಲದ ಯಂತ್ರವನ್ನು ಬಿಚ್ಚಲು ಶುರು ಮಾಡಿದ್ದಾರೆ ಅನ್ನಬಹುದು. ಈ ಪ್ರಕರಣದಲ್ಲಂತೂ ಆ ಯಂತ್ರ ಮೊದಲಿನ ಹಾಗೇ ಓಡಿತು, ಚಾಲಕ ಮಾತ್ರ ಬೇರೆ.